ದೊಡ್ಡಪ್ಪನ ನಕ್ಷೆಯಲ್ಲಿ ಇಲ್ಲದ ಮನೆ

ನನಗೆ ದಿಕ್ಕು ಗೊತ್ತಾಗುವುದಿಲ್ಲ. ನಾಚಿಕೆಯಿಂದ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಇವತ್ತಿಗೂ ಒಂದು ಗಳಿಗೆ ನಿಂತು, ಚಿಕ್ಕಮಗಳೂರು ಯಾವ ಕಡೆ, ಬಣಕಲ್ ಯಾವ ಕಡೆ ಎಂದು ಯೋಚಿಸಬೇಕು. ಯೋಚಿಸಿ ಒಂದು ಕಡೆ ಹೊರಟರೆ ಅದು ಖಂಡಿತ ಇನ್ನೊಂದು ಕಡೆ ಆಗಿರುತ್ತದೆ. ಇಂಥವಳ ಕೈಗೆ ನಮ್ಮ ದೊಡ್ಡಪ್ಪ ನೆಂಟರ ಬಳಗದ ಇಡೀ ನಕ್ಷೆಯನ್ನು ಕೊಟ್ಟು "ಇದನ್ನೊಂದು ನಕಲು ಮಾಡು" ಎಂದರಲ್ಲ, ತಪ್ಪು ಅವರದೋ ನನ್ನದೋ ಎಂಬುದು ಇನ್ನೂ ಬಗೆಹರಿದಿಲ್ಲ.

ಮೊದಲು ನಕ್ಷೆಯ ವಿಷಯ ಹೇಳಬೇಕು. ನಮ್ಮ ಕಡೆ ಮದುವೆಯೆಂದರೆ ಮನೆಮನೆಗೆ ಹೋಗಿ ಕರೆಯಬೇಕು. ಗಂಡ ಹೆಂಡತಿ ಜೋಡಿಯಾಗಿ ಹೋಗಿ, ಯಜಮಾನರ ಕೈಗೆ ಕಾಗದ ಕೊಟ್ಟು, ಹೆಂಗಸರ ಹಣೆಗೆ ಕುಂಕುಮ ಇಟ್ಟು, "ಮೂರು ದಿನ ಮೊದಲೇ ಬಂದುಬಿಡಬೇಕು" ಎಂದು ಬಾಯ್ತುಂಬ ಹೇಳಿದರೆ ಮಾತ್ರ ಕರೆದ ಹಾಗೆ. ಅಂಚೆಯಲ್ಲಿ ಕಳಿಸಿದರೆ ಕಳಿಸದೇ ಇದ್ದದ್ದಕ್ಕಿಂತ ಕಡೆ. ಆದರೆ ನಮ್ಮ ಮನೆಗಳಿರುವುದು ಬೀದಿಯಲ್ಲಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಒಂದು ಗುಡ್ಡ, ಒಂದು ಹಳ್ಳ, ಯಾರದೋ ತೋಟದ ಗೇಟು. ರಸ್ತೆಯಲ್ಲಿ ನಿಂತು ನೋಡಿದರೆ ಸಿಲ್ವರ್ ಮರಗಳು ಕಾಣುತ್ತವೆಯೇ ಹೊರತು ಮನೆ ಕಾಣುವುದಿಲ್ಲ.

ದೊಡ್ಡಪ್ಪ ಬಣಕಲ್ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದವರು. ಆಳುಗಳ ಹಾಜರಿ ಬರೆದೂ ಬರೆದೂ ಅವರ ಅಕ್ಷರ ಅಚ್ಚಿನ ಹಾಗಿತ್ತು. ಎಸ್ಟೇಟಿನ ಹಳೆಯ ಪ್ಲಾನ್ ಹಾಳೆಯ ಹಿಂಬದಿಯಲ್ಲಿ ಅವರು ನಮ್ಮ ನೆಂಟರ ಮನೆಗಳನ್ನೆಲ್ಲ ಬರೆದಿದ್ದರು. ಅದರಲ್ಲಿ ಉತ್ತರ ದಕ್ಷಿಣ ಇರಲಿಲ್ಲ. ನಡುವೆ ನಮ್ಮ ಮನೆ, ಬೆನ್ನುಮೂಳೆಯ ಹಾಗೆ ಹೈವೇ, ಒಂದು ಮೂಲೆಯಲ್ಲಿ ಮೂಡಿಗೆರೆ, ಅದರ ಎದುರು ಮೂಲೆಯಲ್ಲಿ ಕಳಸ. ಜೀಪು ಹೋಗುವ ದಾರಿಗೆ ಎರಡು ಗೆರೆ, ನಡೆಯುವ ದಾರಿಗೆ ಒಂದೇ ಗೆರೆ. ಕಚ್ಚುವ ನಾಯಿ ಇದ್ದಲ್ಲಿ ಮೇಲೆ ಸುತ್ತಿಕೊಂಡ ಒಂದು ಬಾಲ. ಊಟ ಮಾಡದೆ ಬಿಡದ ಮನೆಗೆ ಒಂದು ಬಾಳೆಲೆ, ಬರಿಯ ಕಾಫಿಗೆ ಮುಗಿಯುವ ಮನೆಗೆ ಒಂದು ಲೋಟ. ಪಾಲಾಗಿ ಬೇರೆಯಾದ ಅಣ್ಣತಮ್ಮಂದಿರ ಮನೆಗಳಿಗೆ ಒಂದು, ಎರಡು ಎಂದು ನಂಬರು. ದಾರಿಯಲ್ಲಿ ತಮ್ಮನ ಮನೆ ಮೊದಲು ಸಿಕ್ಕರೂ ಅದನ್ನು ದಾಟಿ ಅಣ್ಣನ ಮನೆಗೆ ಹೋಗಿ, ಆಮೇಲೆ ಹಿಂದಕ್ಕೆ ಬರಬೇಕು. ಮನೆಗಳನ್ನು ಶಾಯಿಯಲ್ಲಿ ಬರೆದಿದ್ದರು, ಯಜಮಾನರ ಹೆಸರನ್ನು ಮಾತ್ರ ಪೆನ್ಸಿಲಿನಲ್ಲಿ. ಯಾರಾದರೂ ತೀರಿಕೊಂಡರೆ ಹದಿಮೂರು ದಿನ ಕಳೆದ ಮೇಲೆ ಆ ಹೆಸರನ್ನು ಅಳಿಸಿ ಮಗನ ಹೆಸರು ಬರೆಯುತ್ತಿದ್ದರು. ಅವರದೊಂದು ನಿಯಮವಿತ್ತು. ಕೊನೆಯಲ್ಲಿ ಮನೆ ಇಲ್ಲದ ದಾರಿಯನ್ನು ಅವರು ಬರೆಯುತ್ತಿರಲಿಲ್ಲ.

ಬಳಗದಲ್ಲಿ ಯಾರ ಮದುವೆಯಾದರೂ ಈ ನಕ್ಷೆಯನ್ನು ಕೇಳಿಕೊಂಡು ಬರುತ್ತಿದ್ದರು. ಬಡಿಸುವ ಸೌಟು, ಕಡಾಯಿ ಕೇಳಲು ಬಂದ ಹಾಗೆಯೇ. ಮಡಿಸಿ ಮಡಿಸಿ ಅದು ಮಡಿಕೆಗಳಲ್ಲಿ ಹರಿಯಿತು. ತೊಂಬತ್ತರ ದಶಕದ ಶುರುವಿನಲ್ಲಿ ನನ್ನ ಅಣ್ಣನ ಮದುವೆ ನಿಶ್ಚಯವಾದಾಗ ದೊಡ್ಡಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದವಳು ನಾನೊಬ್ಬಳೇ. ಚಿತ್ರ ಬರೆಯುತ್ತೇನೆ ಎಂದು ಹೆಸರೂ ಇತ್ತು.

"ದೊಡ್ಡಪ್ಪ, ನಂಗೆ ಎಡ ಬಲ ಸರಿಯಾಗಿ ಗೊತ್ತಾಗಲ್ಲ" ಎಂದೆ.

"ನಿಂಗೆ ಗೊತ್ತಾಗಬೇಕಿಲ್ಲ ಮಾರಾಯ್ತಿ. ಇದ್ದದ್ದು ಇದ್ದ ಹಂಗೆ ಬರಿ, ಸಾಕು" ಎಂದರು.

ಕಿಟಕಿ ಗಾಜಿನ ಮೇಲೆ ಹಳೆಯ ನಕ್ಷೆ ಅಂಟಿಸಿ, ಅದರ ಮೇಲೆ ಹೊಸ ಹಾಳೆ ಇಟ್ಟು, ಬೆಳಕಿನಲ್ಲಿ ಕಂಡದ್ದನ್ನು ಕಂಡ ಹಾಗೆ ಎರಡು ದಿನ ಬರೆದೆ. ಬಾಲಗಳನ್ನು ಬರೆಯುವಾಗ ಖುಷಿಯಾಗಿತ್ತು. ಮುಗಿದ ಮೇಲೆ ದೊಡ್ಡಪ್ಪ ಕಣ್ಣಿಗೆ ತೀರ ಹತ್ತಿರ ಹಿಡಿದು, "ಚೆನ್ನಾಗಿದೆ" ಎಂದರು. ಅವರಿಗೆ ಎಷ್ಟು ಕಂಡಿತೋ ದೇವರಿಗೇ ಗೊತ್ತು.

ಇನ್ನು ಅತ್ತೆಯ ವಿಷಯ. ಇವರು ನನ್ನ ಅಪ್ಪನ ದೊಡ್ಡಪ್ಪನ ಮಗಳು, ಅಂದರೆ ನನಗೆ ಅತ್ತೆ. ಕಳಸದಿಂದ ಕುದುರೆಮುಖಕ್ಕೆ ಹೋಗುವ ರಸ್ತೆಯಲ್ಲಿ ಗಣಿ ಕಂಪನಿಯ ಬಸ್ಸು ನಿಲ್ಲುತ್ತಿದ್ದ ಒಂದು ಅಂಗಡಿ, ಅಲ್ಲಿಂದ ಒಳಗೆ ನಡೆದರೆ ಅವರ ಮನೆ. ಬೇಸಿಗೆ ರಜೆಯನ್ನೆಲ್ಲ ನಾನು ಕಳೆದದ್ದು ಅಲ್ಲೇ. ಅತ್ತೆಯ ಗಂಡ, ನನ್ನ ಮಾವ, ಬೆಳಿಗ್ಗೆ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ದಿಕ್ಕು ಕಲಿಸುತ್ತಿದ್ದರು. "ಸೂರ್ಯ ಹುಟ್ಟೋದು ಎಲ್ಲಿ?" ಎಂದರೆ ನಾನು ಅಡುಗೆಮನೆಯ ಕಡೆ ಕೈ ತೋರಿಸುತ್ತಿದ್ದೆ. "ಅಲ್ಲಿ ಹುಟ್ಟೋದು ನಿನ್ನ ಅತ್ತೆಯ ದೋಸೆ ಕಣೆ" ಎಂದು ನಗುತ್ತಿದ್ದರು. ಮರುದಿನ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಮಾವನಿಗೆ ಯಾವತ್ತೂ ಬೇಜಾರಾಗಲಿಲ್ಲ.

ಅಣ್ಣನ ಮದುವೆಗೆ ಅತ್ತೆ ಮಾವ ಬರಲಿಲ್ಲ.

ಪ್ರತಿ ಸಲ ಕಳಸದ ಕಡೆ ಕರೆಯಲು ಹೋಗುತ್ತಿದ್ದವರು ದೊಡ್ಡಪ್ಪನೇ. ಆ ವರ್ಷ ಕಣ್ಣು ಕಾಣದೆ ಅವರು ಹೋಗಲಿಲ್ಲ. ಆ ದಿಕ್ಕಿನ ಪರಿಚಯವೇ ಇಲ್ಲದ ಚಿಕ್ಕಪ್ಪ ಚಿಕ್ಕಮ್ಮ ನನ್ನ ಹೊಸ ನಕ್ಷೆ ಹಿಡಿದು ಹೋಗಿದ್ದರು. ಮದುವೆ ಮುಗಿದ ಮೇಲೆ ದೊಡ್ಡಪ್ಪ, "ಕಳಸದವರನ್ನ ಕರೆದಿದ್ರಿ ತಾನೇ?" ಎಂದು ಕೇಳಿದರು. "ನಕ್ಷೇಲಿದ್ದ ಮನೆ ಒಂದೂ ಬಿಟ್ಟಿಲ್ಲ ಅಣ್ಣಯ್ಯ" ಎಂದರು ಚಿಕ್ಕಪ್ಪ. ಅದು ನಿಜವೇ ಆಗಿತ್ತು. ದೊಡ್ಡಪ್ಪ, ಕರೆದರೂ ಬರಲಿಲ್ಲ ಎಂದು ಮನಸ್ಸಿಗೆ ಹಚ್ಚಿಕೊಂಡರು.

ಮುಂದಿನ ವರ್ಷ ಅತ್ತೆಯ ಮಗನ ಮದುವೆ ನಿಶ್ಚಯವಾಯಿತು. ಮಾವ ತಾವೇ ಬಂದು ನಕ್ಷೆ ಕೇಳಿದರು. ದೊಡ್ಡಪ್ಪ ಮುಖ ಬಿಗಿದುಕೊಂಡು, ಒಂದು ಮಾತೂ ಆಡದೆ ಗೋಡೆಯ ಕಪಾಟಿನಿಂದ ತೆಗೆದು ಕೊಟ್ಟರು. ಮಾವ ಏನೋ ಕೇಳಬೇಕೆಂದು ಬಂದವರ ಹಾಗೆ ಜಗಲಿಯಲ್ಲಿ ಬಹಳ ಹೊತ್ತು ಕೂತಿದ್ದರು. ಕಾಫಿ ಕೊಟ್ಟವಳು ನಾನು. ನನ್ನ ಮುಖ ನೋಡಿ, "ಸೂರ್ಯ ಎಲ್ಲಿ?" ಎಂದರು. ನಾನು ನಕ್ಕು ಒಳಗೆ ಹೋದೆ. ಮಾವನನ್ನು ನಾನು ನೋಡಿದ್ದು ಅದೇ ಕೊನೆ.

ಹದಿನೈದು ದಿನದಲ್ಲಿ ನಕ್ಷೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ವಾಪಸ್ ಬಂತು. ಅದರ ಹಿಂದೆಯೇ ಮದುವೆಯ ಕಾಗದ ಅಂಚೆಯಲ್ಲಿ ಬಂತು.

ಅಂಚೆಯಲ್ಲಿ! ನಮ್ಮ ಮನೆಯಲ್ಲಿ ಆವತ್ತು ಅಡುಗೆಯೇ ರುಚಿಸಲಿಲ್ಲ. ದೊಡ್ಡಮ್ಮ ಆ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು, "ಸ್ಟಾಂಪು ಹಚ್ಚಿ ಕಳಿಸಿದಾರಲ್ಲ, ನಾವೇನು ಕಚೇರಿಯವರಾ?" ಎಂದರು. ಆ ಮದುವೆಗೆ ನಮ್ಮಿಂದ ಯಾರೂ ಹೋಗಲಿಲ್ಲ. ಅದಾಗಿ ಎರಡು ವರ್ಷಕ್ಕೆ ನನ್ನ ಮದುವೆ. ಅತ್ತೆ ಬೇಕು ಎಂದು ನಾನು ಹಟ ಹಿಡಿದೆ. "ಹಂಗಾದ್ರೆ ಅವರು ಕರೆದ ಹಾಗೇ ನಾವೂ ಕರೆಯೋದು" ಎಂದು ಹಿರಿಯರು ತೀರ್ಮಾನಿಸಿದರು. ಆ ಕಾಗದಕ್ಕೆ ಸ್ಟಾಂಪು ಹಚ್ಚಿದವಳು ನಾನೇ. ಒಳಗೆ ಒಂದು ಚೀಟಿ ಬರೆದು ಇಡಬಹುದಿತ್ತು. ಹೊಳೆಯಲಿಲ್ಲವೋ, ಧೈರ್ಯ ಬರಲಿಲ್ಲವೋ, ನೆನಪಿಲ್ಲ. ಧಾರೆಯ ದಿನ ಮಂಟಪದಲ್ಲಿ ಕೂತು ಬಾಗಿಲ ಕಡೆಯೇ ನೋಡುತ್ತಿದ್ದೆ. ಅತ್ತೆ ಬರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಇನ್ನು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಮದುಮಗಳ ಸೀರೆಯಲ್ಲೇ ಶಪಥ ಮಾಡಿದೆ.

ಮಾವ ತೀರಿಕೊಂಡ ಸುದ್ದಿ ನಾಲ್ಕು ದಿನ ತಡವಾಗಿ ಬಂತು. ಸಾವಿಗೆ ಯಾರೂ ಕರೆಯುವುದಿಲ್ಲ, ನಾವೇ ಹೋಗಬೇಕು. ಅಪ್ಪ ಒಬ್ಬರೇ ಹೋಗಿ ಬಂದರು. ನಾನು ಮಗು ಚಿಕ್ಕದು ಎಂಬ ನೆಪ ಹೇಳಿ ಹೋಗಲಿಲ್ಲ. ಅಷ್ಟರಲ್ಲಿ ದೊಡ್ಡಪ್ಪನೂ ಇರಲಿಲ್ಲ. ನಕ್ಷೆಯ ಹೆಸರುಗಳನ್ನು ಅಳಿಸಿ ಬರೆಯುವವರೇ ಇಲ್ಲದೆ ಅದರಲ್ಲಿ ಅರ್ಧಕ್ಕರ್ಧ ಸತ್ತವರ ಹೆಸರುಗಳೇ ಉಳಿದಿದ್ದವು.

ಕುದುರೆಮುಖದಲ್ಲಿ ಗಣಿ ನಿಂತು ಎರಡು ವರ್ಷ ಕಳೆದಿತ್ತು. ದೊಡ್ಡಪ್ಪನ ಮೊಮ್ಮಗನ ಮದುವೆ ಬಂತು. ಮದುಮಗ ದಾರಿ ತೋರಿಸುವ ಒಂದು ಯಂತ್ರ ತಂದಿದ್ದ. ಕಾರಿನ ಗಾಜಿಗೆ ಅಂಟಿಸಿದರೆ ಆಕಾಶದ ಉಪಗ್ರಹ ಕೇಳಿ ದಾರಿ ಹೇಳುತ್ತದಂತೆ. ಕಳಸದ ಕಡೆ ಕರೆಯುವ ಕೆಲಸ ನನಗೂ ನನ್ನ ಗಂಡನಿಗೂ ಬಿತ್ತು. ದೊಡ್ಡಮ್ಮ ನಕ್ಷೆಯನ್ನು ನನ್ನ ಚೀಲಕ್ಕೆ ತುರುಕಿದರು. ಮದುಮಗ, "ಅದೆಂತಕ್ಕೆ ಅಜ್ಜಿ, ಇದು ಅಮೆರಿಕದ ಬೀದಿ ಬೇಕಾದ್ರೂ ತೋರಿಸುತ್ತೆ" ಎಂದ. "ನಾವು ಕರೆಯೋಕೆ ಹೋಗ್ತಿರೋದು ಜಾವಳಿಗೆ" ಎಂದರು ದೊಡ್ಡಮ್ಮ.

ನನ್ನ ಗಂಡನಿಗೆ ಹೊಸ ಯಂತ್ರ ಕಂಡರೆ ಮಗುವಿನ ಸಂಭ್ರಮ. ಅದರೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಎಡಕ್ಕೆ ತಿರುಗು ಎಂದರೆ ತಿರುಗಿದರು, ಬಲಕ್ಕೆ ಎಂದರೆ ಬಲಕ್ಕೆ. ನಾನು ಹನ್ನೆರಡು ಹದಿಮೂರು ವರ್ಷ ಹೇಳಿದರೂ ಇಷ್ಟು ವಿಧೇಯರಾಗಿರಲಿಲ್ಲ. ಜಾವಳಿಯ ಹತ್ತಿರ ಅಣ್ಣತಮ್ಮಂದಿರ ಎರಡು ಮನೆಗಳಿದ್ದವು. ನಕ್ಷೆಯಲ್ಲಿ ಒಂದು, ಎರಡು ಎಂದು ನಂಬರಿತ್ತು. "ತಮ್ಮನ ಮನೆ ಹತ್ತಿರ, ಅದನ್ನೇ ಮೊದಲು ಮುಗಿಸೋಣ, ಯಂತ್ರವೂ ಅದನ್ನೇ ಹೇಳ್ತಿದೆ" ಎಂದರು ಇವರು. ಮುಗಿಸಿದೆವು. ಅಲ್ಲಿಂದ ಏರು ಹತ್ತಿ ಅಣ್ಣನ ಮನೆಗೆ ಹೋದರೆ, ಅವರು ಜಗಲಿಯಲ್ಲಿ ನಿಂತು ನಮ್ಮ ಕಾರು ಕೆಳಗೆ ತಿರುಗಿದ್ದನ್ನು ನೋಡಿಯೇ ಇದ್ದರು.

"ತಮ್ಮನ ಮನೆಯಿಂದ ಬಂದ್ರಾ? ಅಲ್ಲಿ ಕೊಟ್ಟು ಉಳಿದ ಕಾಗ್ದ ನಮಗಾ?" ಎಂದರು.

ಕಾಫಿಯೂ ಬರಲಿಲ್ಲ. ನಕ್ಷೆಯಲ್ಲಿ ಆ ಮನೆಗೆ ಬಾಳೆಲೆ ಇತ್ತು.

ಕಾರಿಗೆ ಬಂದವಳೇ ಯಂತ್ರದ ಬಾಯಿ ಮುಚ್ಚಿಸಿದೆ. ಅಷ್ಟು ಹೊತ್ತಿಗೆ ಅದರ ಪರದೆಯೂ ಬರೀ ಹಸಿರಾಗಿತ್ತು. ಆ ಹಸಿರಿನ ನಡುವೆ ನಮ್ಮ ಕಾರಿನ ಬಾಣ ಒಂದೇ, ರಸ್ತೆಯೂ ಇಲ್ಲ, ಮನೆಯೂ ಇಲ್ಲ. ಚೀಲದಿಂದ ನಕ್ಷೆ ತೆಗೆದು ತೊಡೆಯ ಮೇಲೆ ಹರಡಿದೆ. ನಾನೇ ಬರೆದದ್ದನ್ನು ಬರೆದ ಮೇಲೆ ನಾನು ನೋಡಿರಲೇ ಇಲ್ಲ. ಮದುಮಗಳು ತನ್ನ ಮದುವೆಗೆ ಕರೆಯಲು ಹೋಗುವುದಿಲ್ಲ, ಆಮೇಲೆ ನಾನು ಗಂಡನ ಮನೆಯವಳು. ಬೆರಳಿಟ್ಟು ದಾರಿ ಹುಡುಕುತ್ತ ಕಳಸದ ಮೂಲೆಗೆ ಬಂದೆ. ಕಂಪನಿ ಬಸ್ಸು ನಿಲ್ಲುವ ಅಂಗಡಿ. ಅಲ್ಲಿಂದ ಒಂದೇ ಗೆರೆಯ ದಾರಿ. ಹಳ್ಳದವರೆಗೆ ಹೋಗಿ ನಿಂತಿತ್ತು.

"ಇದೆಲ್ಲಿಗೆ ಹೋಗುತ್ತೆ?" ಎಂದರು ಇವರು.

"ಅತ್ತೆ ಮನೆಗೆ."

"ಮನೆ ಎಲ್ಲಿ?"

ನಾನು ಹಾಳೆಯನ್ನು ತಿರುಗಿಸಿದೆ. ಆ ಕಡೆ ತಿರುಗಿಸಿದೆ, ಈ ಕಡೆ ತಿರುಗಿಸಿದೆ. ಮನೆ ಇರಲಿಲ್ಲ. ಅಲ್ಲಿದ್ದ ನೆಂಟರ ಮನೆಗಳೆಲ್ಲ ಇದ್ದವು, ನಾಯಿಗಳ ಬಾಲಗಳಿದ್ದವು, ಯಾರದೋ ದೂರದ ಷಡ್ಡಕನ ಮನೆಯ ಕಾಫಿ ಲೋಟವೂ ಇತ್ತು. ಅತ್ತೆಯ ಮನೆ ಇರಲಿಲ್ಲ. ಇವತ್ತು ಇಲ್ಲಿಗೇ ಸಾಕು, ವಾಪಸ್ ಹೋಗೋಣ ಎಂದೆ. ಇವರು ಕಾರು ತಿರುಗಿಸಿದರು.

ಆ ವಾರವೆಲ್ಲ ಎಲ್ಲರನ್ನೂ ಕೇಳುತ್ತ ಓಡಾಡಿದೆ. ಅತ್ತೆಯ ಮನೆಗೂ ನಮಗೂ ಜಗಳ ಯಾಕಾಯಿತು? ಮೂರು ಜನರನ್ನು ಕೇಳಿದೆ, ನಾಲ್ಕು ಕಾರಣ ಸಿಕ್ಕಿತು. ನಾಮಕರಣವೊಂದರಲ್ಲಿ ಮಾವನನ್ನು ಎರಡನೇ ಪಂಕ್ತಿಗೆ ಕೂರಿಸಿದ್ದರಂತೆ. ಅಲ್ಲ, ಒಂದು ಹೋರಿ ಕೇಳಿದ್ದರಂತೆ, ಕೊಟ್ಟಿರಲಿಲ್ಲವಂತೆ. ಇನ್ನೊಬ್ಬರ ಪ್ರಕಾರ ಹೆಣ್ಣು ಕೊಡುವ ಮಾತು ಬಂದು ಮುರಿದಿತ್ತು. ಯಾವ ಹೆಣ್ಣು ಎಂದರೆ ಅವರಿಗೆ ಗೊತ್ತಿಲ್ಲ. ಅದನ್ನೇ ಹೇಳಿದವರು ಸ್ವಲ್ಪ ಹೊತ್ತು ಬಿಟ್ಟು, ಬೇಲಿಯ ವಿಷಯವೂ ಇರಬೇಕು ಎಂದರು. ನಮಗೂ ಅತ್ತೆಗೂ ನಡುವೆ ಮೂವತ್ತು ಮೈಲಿ ಗುಡ್ಡ, ಬೇಲಿ ಎಲ್ಲಿಂದ ಬಂತು? ಆದರೆ ಹೇಳುವಾಗ ಎಲ್ಲರ ಮುಖದಲ್ಲೂ ಕಣ್ಣಾರೆ ಕಂಡವರ ಗಾಂಭೀರ್ಯ. ನನಗೆ ತಲೆ ಕೆಟ್ಟುಹೋಯಿತು. ಜಗಳವೇ ಆಗಿರಲಿಲ್ಲ ಎನ್ನುವುದು ನನ್ನೊಬ್ಬಳಿಗೆ ಗೊತ್ತಿತ್ತು, ಅದನ್ನು ಹೇಳಲು ಬಾಯಿ ಬರಲಿಲ್ಲ.

ಕೊನೆಗೆ ದೊಡ್ಡಮ್ಮನನ್ನು ಕೇಳಿದೆ, ಹಳೆಯ ನಕ್ಷೆ ಎಲ್ಲಿ ಎಂದು. ಅವರು ತಮ್ಮ ಟ್ರಂಕಿನಿಂದ ರೇಷ್ಮೆ ಸೀರೆಗಳನ್ನೆಲ್ಲ ತೆಗೆದರು. ತಳಕ್ಕೆ ಹಾಸಿದ್ದು ಅದೇ ನಕ್ಷೆ. ಕಳಸದ ಮೂಲೆಯಲ್ಲಿ ದಾರಿ ಹಳ್ಳದವರೆಗೆ ಹೋಗಿ ಮಡಿಕೆಯೊಳಗೆ ನುಗ್ಗಿತ್ತು. ಎರಡು ಮಡಿಕೆ ಸೇರುವ ಆ ಜಾಗದಲ್ಲಿ ಬೆರಳು ತೂರುವಷ್ಟು ತೂತು.

"ಇಲ್ಲಿ ಮನೆ ಇತ್ತಾ ದೊಡ್ಡಮ್ಮ?"

"ಇರದೆ ಎಂತ? ನಿಮ್ಮ ದೊಡ್ಡಪ್ಪ ಮನೆ ಇಲ್ಲದ ದಾರಿ ಬರೀತಿದ್ರಾ?"

"ನಾನು ನಕಲು ಮಾಡುವಾಗ ಈ ತೂತು ಇತ್ತಾ?"

ದೊಡ್ಡಮ್ಮ ನನ್ನ ಮುಖ ನೋಡಿದರು. "ಅದು ನಿಂಗೆ ಗೊತ್ತಿರಬೇಕು."

ನನಗೆ ಗೊತ್ತಿಲ್ಲ. ಇಂದಿಗೂ ಗೊತ್ತಿಲ್ಲ. ತೂತು ಇದ್ದಿದ್ದರೂ ಏನು, ನಾನು ಬೇಸಿಗೆಗಳನ್ನೆಲ್ಲ ಕಳೆದ ಮನೆ ಅದು. ನಕ್ಷೆಯಲ್ಲಿ ಇಲ್ಲದಿದ್ದರೂ ನನ್ನ ಕೈಗೆ ನೆನಪಿರಬೇಕಿತ್ತು. ದಾರಿ ಬರೆದ ಕೈ ಮನೆಯ ಹತ್ತಿರ ಯಾಕೆ ನಿಂತಿತು? ಚೆನ್ನಾಗಿ ಗೊತ್ತಿದ್ದ ಮನೆ, ಬರೆಯುವ ಅಗತ್ಯವೇನಿದೆ ಎನ್ನಿಸಿತೇ? ಕೆಲವೊಮ್ಮೆ ಒಂದು ನೆನಪು ಬರುತ್ತದೆ. ಅತ್ತೆಯ ಮನೆಯನ್ನು ಎಲ್ಲಕ್ಕಿಂತ ಕೊನೆಗೆ, ಹಲಸಿನ ಮರ, ಬೇಲಿ ದಾಟುವ ದಣಪೆ, ಅವರ ಕೆಂದ ನಾಯಿ ಎಲ್ಲ ಸೇರಿಸಿ ಚೆಂದವಾಗಿ ಬರೆಯಬೇಕೆಂದು ಬಿಟ್ಟಿದ್ದೆ, ಅಷ್ಟರಲ್ಲಿ ಯಾರೋ ಊಟಕ್ಕೆ ಕರೆದರು. ಇದು ನಡೆದದ್ದೋ, ಸಮಾಧಾನಕ್ಕೆ ನಾನೇ ಕಟ್ಟಿಕೊಂಡದ್ದೋ.

ಇಷ್ಟಾದ ಮೇಲೂ ನನಗೆ ಕಾಗದದ ನಕ್ಷೆಯ ಮೇಲೇ ಪ್ರೀತಿ. ಇವರು ಛೇಡಿಸುತ್ತಾರೆ, ಅಷ್ಟು ಅನಾಹುತ ಮಾಡಿದ್ದು ಯಂತ್ರವಲ್ಲ, ನಿನ್ನ ಕಾಗದ ಎಂದು. ಸರಿಯೇ. ಆದರೆ ಯಂತ್ರದ ಹಸಿರಿನಲ್ಲಿ ಯಾರ ಮನೆಯೂ ಇರಲಿಲ್ಲ, ಅದರಿಂದ ಯಾರಿಗೂ ನೋವಾಗಲಿಲ್ಲ, ಯಾರೂ ಅದನ್ನು ಕೇಳಲೂ ಇಲ್ಲ. ಕಾಗದದ ಮೇಲೆ ಒಂದು ಮನೆ ಇಲ್ಲದ್ದು ಎದ್ದು ಕಂಡಿತು. ಒಬ್ಬರು ಕೂತು ಬರೆದದ್ದಾದ್ದರಿಂದ ತಪ್ಪು ಯಾರದೆಂದು ಹುಡುಕಿಕೊಂಡು ಹೋಗಬಹುದು, ಹೋಗಿ ತಿದ್ದಲೂಬಹುದು. ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಮುಂದಿನ ಭಾನುವಾರ ಮತ್ತೆ ಹೊರಟೆವು. ಕಳಸ ದಾಟಿದ ಮೇಲೆ ಕಂಪನಿ ಬಸ್ಸಿನ ಅಂಗಡಿಗಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದೆ. ಬಸ್ಸೂ ಇರಲಿಲ್ಲ, ಅಂಗಡಿಯೂ ಇರಲಿಲ್ಲ. ಬಾಗಿಲು ಹಾಕಿದ ಅಂಗಡಿಯ ಗೋಡೆಗೆ ಬಳ್ಳಿ ಹಬ್ಬಿದ್ದರಿಂದ ಎರಡು ಸಲ ದಾಟಿ ಹೋಗಿ ಮೂರನೇ ಸಲ ಗುರುತು ಸಿಕ್ಕಿತು. ಕಾರು ಅಲ್ಲೇ ಬಿಟ್ಟು ನಡೆದೆವು. ದಾರಿ ಎರಡಾಗಿ ಒಡೆದಲ್ಲಿ ಇವರು ನನ್ನ ಮುಖ ನೋಡಿದರು. ನಾನು ಎಡಕ್ಕೆ ಎಂದೆ. ಇವರು ಬಲಕ್ಕೆ ನಡೆದರು. ಹಳ್ಳ ಸಿಕ್ಕಿತು, ಮನೆ ಕಂಡಿತು.

ಅತ್ತೆ ಅಂಗಳದಲ್ಲಿ ಚಾಪೆಯ ಮೇಲೆ ಹಲಸಿನ ಹಪ್ಪಳ ಹರಡುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಹತ್ತಿರ ಹೋಗಿ ನಿಂತೆ.

"ಅತ್ತೆ, ನಾನು."

ಅವರು ಕೈಯಲ್ಲಿದ್ದ ಹಪ್ಪಳ ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಂಡರು. ಬಹಳ ಹೊತ್ತು ನೋಡಿದರು.

"ದಾರಿ ಗೊತ್ತಾಯ್ತಾ?" ಎಂದರು.

ದೂರದಿಂದ ಬಂದವರನ್ನು ಎಲ್ಲರೂ ಕೇಳುವ ಮಾತು ಅದು. ಕುಂಕುಮದ ಭರಣಿ ಕೈಯಲ್ಲಿ ಹಿಡಿದೇ ಇದ್ದೆ. ಮಾವ ಇದ್ದಾಗ ಎರಡು ಸಲ ಆ ಹಣೆಗೆ ಇಡಬೇಕಿತ್ತು, ಎರಡು ಸಲವೂ ಇಟ್ಟಿರಲಿಲ್ಲ. ಈಗ ಇಡಬೇಕೋ ಬಾರದೋ ತಿಳಿಯದೆ ಭರಣಿಯನ್ನು ಸುಮ್ಮನೆ ಚೀಲಕ್ಕೆ ಹಾಕಿದೆ. ಅತ್ತೆ ಅದನ್ನು ನೋಡಿದರು. ಜಗಲಿಯಲ್ಲಿ ಕೂರಿಸಿ ಸೊಸೆಗೆ ಕಾಫಿ ಇಡಲು ಹೇಳಿದರು. ಇವರು ಮದುವೆಯ ಕಾಗದ ಕೊಡಲು ಎದ್ದರು. ನಾನು ತಡೆದು, ಮೊದಲು ನಕ್ಷೆ ಬಿಚ್ಚಿದೆ.

"ಅತ್ತೆ, ಇದನ್ನ ಬರೆದದ್ದು ದೊಡ್ಡಪ್ಪ ಅಲ್ಲ, ನಾನು. ನಿಮ್ಮ ಮನೆ ಬಿಟ್ಟುಹೋಯ್ತು. ಯಾರೂ ಬಿಡಿಸಿದ್ದಲ್ಲ. ಯಾಕೆ ಬಿಟ್ಟೆ ಅಂತ ನಂಗೇ ಗೊತ್ತಿಲ್ಲ. ಮೊನ್ನೆವರೆಗೆ ಬಿಟ್ಟಿದೀನಿ ಅಂತಲೇ ಗೊತ್ತಿರಲಿಲ್ಲ."

ಅತ್ತೆ ನಕ್ಷೆಯ ಕಡೆ ಬಗ್ಗಲಿಲ್ಲ. ಅವರಿಗೆ ನೋಡುವ ಅಗತ್ಯವಿರಲಿಲ್ಲ.

"ಅಕ್ಷರ ನಿಂದು ಅಂತ ಅವತ್ತೇ ಗೊತ್ತಾಗಿತ್ತು" ಎಂದರು. "ನಿನ್ನ ಅಣ್ಣನ ಮದುವೆಗೆ ಕರೀಲಿಲ್ಲ. ಗಡಿಬಿಡೀಲಿ ಮರೆತಿರ್ತಾರೆ ಅಂದ್ರು ಮಾವ. ನಕ್ಷೆ ಕೇಳೋ ನೆಪದಲ್ಲಿ ಹೋಗಿ ಬರ್ತೀನಿ, ಎಂತಾದ್ರೂ ಹೇಳ್ತಾರೆ ಅಂತ ಹೋದ್ರು. ಯಾರೂ ಎಂತದೂ ಹೇಳಲಿಲ್ಲ. ಮನೆಗೆ ಬಂದು ಬಿಚ್ಚಿದ್ರೆ ಹಿಂಗೆ. ಬೆಳಕಿಗೆ ಹಿಡಿದು ನೋಡಿದ್ರು, ಅಳಿಸಿದ ಗುರುತಾದ್ರೂ ಇದ್ಯಾ ಅಂತ. ಇರಲಿಲ್ಲ. ದಾರಿ ಬರೆದು ಮನೆ ಬಿಟ್ಟಿದಾರೆ, ನಮಗೆ ಗೊತ್ತಾಗ್ಲಿ ಅಂತಲೇ ಬಿಟ್ಟಿದಾರೆ ಅಂದ್ರು."

"ಅಯ್ಯೋ ಅತ್ತೆ."

"ನಂಗೆ ಅದಕ್ಕಿಂತ ಬೇಜಾರಾಗಿದ್ದು ಬೇರೆ. ಬಿಡೋದಾದ್ರೆ ಬಿಡ್ಲಿ, ಆ ಹುಡುಗಿ ಕೈಲೇ ಮಾಡಿಸಿದಾರಲ್ಲ ಅಂತ. ಮಾವಂಗೆ ಅದು ನಿನ್ನ ಅಕ್ಷರ ಅಂತ ನಾನು ಹೇಳಲೇ ಇಲ್ಲ."

ಕಾಫಿ ಬಂತು. ಯಾರೂ ಕುಡಿಯಲಿಲ್ಲ. ನಾನು ಅಳುತ್ತಿದ್ದೆ, ಇವರು ಅಂಗಳದ ಹಪ್ಪಳ ಎಣಿಸುವವರ ಹಾಗೆ ಆ ಕಡೆ ಮುಖ ಮಾಡಿಕೊಂಡಿದ್ದರು.

"ವಾಪಸ್ ಕಳಿಸೋ ಮುಂಚೆ ಮಾವ ಪೆನ್ನು ತಗೊಂಡು ಕೂತಿದ್ರು" ಎಂದರು ಅತ್ತೆ. "ನಾನೇ ಒಂದು ಮನೆ ಬರೆದುಬಿಡ್ಲಾ ಅಂತ ಕೇಳಿದ್ರು. ನಾನೇ ಬೇಡ ಅಂದೆ. ಬರಿಯೋದಾದ್ರೆ ಅವರೇ ಬರೀಲಿ ಅಂದೆ. ನಂಗೂ ಸಿಟ್ಟು ಬರುತ್ತಲ್ಲ." ಕಾಫಿ ಲೋಟವನ್ನು ನನ್ನ ಕಡೆ ಸರಿಸಿ, "ಆಮೇಲೆ ಎಷ್ಟೋ ಸಲ ಅನ್ನಿಸ್ತು, ಬರೀಲಿ ಅಂತ ಬಿಡಬೇಕಿತ್ತು" ಎಂದರು.

ನಾನು ಚೀಲದಿಂದ ಪೆನ್ನು ತೆಗೆದೆ. ದಾರಿ ನಿಂತಿದ್ದ ಜಾಗದಲ್ಲಿ ಪೆನ್ನಿನ ತುದಿ ಇಟ್ಟೆ. ಅಲ್ಲೇ ಕೂತು, ಆ ಹಳ್ಳ ಎದುರಿಗೇ ಹರಿಯುತ್ತಿರುವಾಗಲೂ, ಮನೆ ಹಳ್ಳದ ಆಚೆಯೋ ಈಚೆಯೋ ಎಂದು ನನಗೆ ಗೊಂದಲವಾಯಿತು. ಹಾಳೆಯನ್ನು ತಿರುಗಿಸಿದೆ.

"ಆಚೆ ಕಣೆ, ಆಚೆ" ಎಂದು ಅತ್ತೆ ನನ್ನ ಕೈ ಹಿಡಿದು ಒಂದಿಷ್ಟು ಸರಿಸಿದರು. ಅವರ ಕೈಗೆ ಹಲಸಿನ ಅಂಟು ಇನ್ನೂ ಇತ್ತು.

ಮನೆ ಬರೆದೆ. ಹಲಸಿನ ಮರ ಬರೆದೆ. ನಾಯಿಯ ಬಾಲ ಬರೆಯಲು ಹೋದಾಗ, ಆ ನಾಯಿ ಸತ್ತು ಎಷ್ಟು ವರ್ಷವಾಯಿತೆಂದು ಅವರೇ ನೆನಪಿಸಿದರು. ಬಾಳೆಲೆಯೋ ಲೋಟವೋ ಎಂದು ಕೇಳಿದೆ. "ಊಟ ಮಾಡ್ದೆ ಹೋಗ್ತೀಯೇನು?" ಎಂದರು. ಬಾಳೆಲೆ ಬರೆದೆ. ಆಮೇಲೆ ಪೆನ್ನು ಇಟ್ಟು, ಹೆಸರಿಗೆಂದು ಪೆನ್ಸಿಲು ತೆಗೆದುಕೊಂಡೆ. ಮಾವ ಹೋಗಿ ಆರು ವರ್ಷವಾಗಿತ್ತು. ದೊಡ್ಡಪ್ಪನ ಲೆಕ್ಕದಲ್ಲಿ ಈಗ ಅಲ್ಲಿ ಅತ್ತೆಯ ಮಗನ ಹೆಸರು ಬರಬೇಕು.

"ಯಾರ ಹೆಸರು ಬರೀಲಿ ಅತ್ತೆ?" ಎಂದೆ.

"ಮಾವಂದೇ ಬರಿ" ಎಂದರು. "ಬಿಟ್ಟಾಗ ಅವರು ಇದ್ರಲ್ಲ."

ಬರೆದೆ. ಕಣ್ಣು ಮಂಜಾಗಿ ಅಕ್ಷರ ಸೊಟ್ಟಗಾಯಿತು. ಪೆನ್ಸಿಲಿನ ಹಿಂಬದಿಯ ರಬ್ಬರಿನಿಂದ ಸರಿ ಮಾಡಲು ಹೋದೆ. ಅತ್ತೆ ಹೆಸರಿನ ಮೇಲೆ ಅಂಗೈ ಮುಚ್ಚಿದರು.

"ಹಂಗೇ ಇರ್ಲಿ. ಅಳಿಸಬೇಡ."